ರಾಮಗಿರಿ ಮ್ಯಾಚಿಗೆ ಒಯ್ದ ಕಂದು ಬಾಟಲಿ

ಮೊನ್ನೆ ಭಾನುವಾರ ಟೀವಿಯಲ್ಲಿ ಒಂದು ಫುಟ್‌ಬಾಲ್ ಮ್ಯಾಚ್ ನೋಡಿದೆ. ಮೂರು ಗೋಲು ಹಿಂದೆ ಬಿದ್ದಿದ್ದ ಟೀಮು ಕೊನೆಗೆ ನಾಲ್ಕು ಹೊಡೆದು ಗೆದ್ದಿತು. ನಾನು ಗೆದ್ದವರ ಕಡೆ. ಯಾವ ದೇಶದವರು ಅಂತ ಕೇಳಬೇಡಿ, ಹಳದಿ ಅಂಗಿಯವರು. ಮುಂದಿದ್ದ ಟೀಮಿನವನೊಬ್ಬ ಪಕ್ಕದಲ್ಲಿ ಯಾರೋ ಹಾದು ಹೋದ ಗಾಳಿಗೇ ಬಿದ್ದು, ಮೊಣಕಾಲು ಹಿಡಿದುಕೊಂಡು ಚಾಪೆ ಸುತ್ತಿದ ಹಾಗೆ ಉರುಳಿದ. ಇಬ್ಬರು ಓಡಿಬಂದು ಏನೋ ತಣ್ಣನೆಯ ಹೊಗೆ ಹೊಡೆದರು. ಎದ್ದ. ಸ್ವಲ್ಪ ಹೊತ್ತಿಗೆ ಮತ್ತೆ ಬಿದ್ದ, ಈ ಸಲ ಇನ್ನೊಂದು ಕಾಲು ಹಿಡಿದುಕೊಂಡು.

"ಪಾಪ ಅಜ್ಜಿ, ಎಷ್ಟು ನೋವಾಗಿರಬೇಕು" ಅಂದಳು ಮೊಮ್ಮಗಳು ಚೈತ್ರಾ.

"ನೋವು ಅಲ್ಲ ಕಣೇ. ಅಲ್ಲಿ ಟಿಂಚರ್ ಇಲ್ಲ, ಅಷ್ಟೇ" ಅಂದೆ.

ಅವಳಿಗೆ ಅರ್ಥವಾಗಲಿಲ್ಲ. ಅವಳು ಈ ವರ್ಷವಷ್ಟೇ ನರ್ಸ್ ಕೆಲಸಕ್ಕೆ ಸೇರಿದ್ದಾಳೆ. ಅವಳ ಜೊತೆ ಸೇರಿದ ಹುಡುಗಿಯರೆಲ್ಲ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದಾರೆ. ನಿಮ್ಮಜ್ಜಿ ಹಳೇ ಕಾಲದ ಸಿಸ್ಟರ್ ಅಲ್ವಾ, ಕೆಲಸ ಹೇಗಿತ್ತು ಅಂತ ಬರೆಯಲಿ ಎಂದು ಕೇಳಿದ್ದಾರೆ. ಹಾಗಾಗಿ ಒಂದು ಬೆರಳಿನಲ್ಲಿ ಕುಟ್ಟುತ್ತಿದ್ದೇನೆ. ಸೇವೆ, ತ್ಯಾಗ, ದೀಪ ಹಿಡಿದ ದೇವತೆ ಇದೆಲ್ಲ ನಿಮಗೆ ಕಾಲೇಜಿನಲ್ಲೇ ಹೇಳಿಕೊಟ್ಟಿರುತ್ತಾರೆ. ನನಗೆ ಪ್ರಮೋಷನ್ ಯಾವಾಗ ಬಂತು ಅಂತಲೂ ಬರೆಯುವುದಿಲ್ಲ. ಬಂತು, ಅದರ ಹಿಂದೆಯೇ ಸೊಂಟನೋವೂ ಬಂತು. ನಾನು ಬರೆಯುವುದು ಟಿಂಚರ್ ಬಗ್ಗೆ.

ಎಪ್ಪತ್ತರ ದಶಕದಲ್ಲಿ ಹೊಸದುರ್ಗದಲ್ಲಿ ಒಬ್ಬರು ಎಣ್ಣೆ ಮಿಲ್ಲಿನ ಸಾಹುಕಾರರು ತಮ್ಮ ತಾಯಿಯ ಹೆಸರಿನಲ್ಲಿ ಒಂದು ಧರ್ಮಾಸ್ಪತ್ರೆ ನಡೆಸುತ್ತಿದ್ದರು. ನನ್ನ ಮೊದಲ ಕೆಲಸ ಅಲ್ಲಿ. ಒಂದು ವಾರ್ಡು, ಒಂದು ಹೆರಿಗೆ ಕೋಣೆ, ಮಧ್ಯದಲ್ಲಿ ಬೇವಿನ ಮರ. ಡಾಕ್ಟರು ಒಬ್ಬರೇ, ವಾಮನರಾಯರು. ನಗುವುದಕ್ಕೂ ಲೈಸೆನ್ಸ್ ಬೇಕು ಅನ್ನುವಂಥ ಮುಖ. ಯಾರಾದರೂ ತಪ್ಪು ಮಾಡಿದರೆ ಕೂಗಾಡುತ್ತಿರಲಿಲ್ಲ, ಕನ್ನಡಕ ತೆಗೆದು ಒರೆಸುತ್ತಿದ್ದರು. ಅವರು ಕನ್ನಡಕಕ್ಕೆ ಕೈ ಹಾಕಿದರೆ ಇಡೀ ವಾರ್ಡು ಉಸಿರು ಹಿಡಿಯುತ್ತಿತ್ತು, ಆಸ್ತಮಾದವರೂ ಸೇರಿ.

ಔಷಧಿ ಕೋಣೆ ಹುಸೇನ್ ಸಾಬರದ್ದು. ಆಗ ಔಷಧಿ ಅಂದರೆ ಕಂಪೌಂಡರು ಕಲಸಿ, ಕುದಿಸಿ, ಸೋಸಿ ಮಾಡುವ ಅಡುಗೆ. ರೋಗಿಗಳು ಬಾಟಲಿಯನ್ನು ಮನೆಯಿಂದ ತರಬೇಕು. ಬ್ರಾಂದಿ ಬಾಟಲಿ, ತಲೆಗೆಣ್ಣೆ ಬಾಟಲಿ, ಒಂದು ಸಲ ಒಬ್ಬ ಚೊಂಬನ್ನೇ ತಂದಿದ್ದ. ಹುಸೇನ್ ಸಾಬರು ಒಂದು ಬಾಟಲಿಯನ್ನೂ ಬಿಸಾಡಿದವರಲ್ಲ. ತೊಳೆದು, ಬಿಸಿಲಿಗೆ ಬೋರಲು ಹಾಕಿ, ಮತ್ತೆ ತುಂಬುವರು. ಅವರು ಮಾಡುವ ಕೆಮ್ಮಿನ ಔಷಧಿಗೆ ಅತಿಮಧುರ, ಬೆಲ್ಲದ ಪಾಕ ಎಲ್ಲ ಬೀಳುತ್ತಿದ್ದರಿಂದ ಊರಿನಲ್ಲಿ ಕೆಮ್ಮು ಇಲ್ಲದ ಮಕ್ಕಳೂ ಬಂದು ಕೆಮ್ಮುತ್ತಿದ್ದವು.

ನಿಮಗೆ ಈಗ ಎಲ್ಲ ಪೊಟ್ಟಣದಲ್ಲಿ ಬರುತ್ತದೆ, ಹರಿದು ಬಳಸಿ ಎಸೆಯುತ್ತೀರಿ. ನಾವು ಗಾಜಿನ ಸಿರಿಂಜು ಕುದಿಸುತ್ತಿದ್ದೆವು. ಸೂಜಿ ಮೊಂಡಾದರೆ ಕಲ್ಲಿಗೆ ಉಜ್ಜಿ ಚೂಪು ಮಾಡುತ್ತಿದ್ದೆವು. ಬ್ಯಾಂಡೇಜ್ ಬಟ್ಟೆ ಒಗೆದು, ಒಣಗಿಸಿ, ಸಾಯಂಕಾಲ ಬೇವಿನ ಮರದ ಕೆಳಗೆ ಕೂತು ಎಲೆಯಡಿಕೆ ಮಡಿಸಿದ ಹಾಗೆ ಸುರುಳಿ ಸುತ್ತುತ್ತಿದ್ದೆವು. ಗಾಯಕ್ಕೆ ಟಿಂಚರ್ ಅಯೋಡಿನ್. ಕಂದು ಬಣ್ಣದ ದ್ರವ, ಕಂದು ಬಾಟಲಿ, ಕಾರ್ಕಿನ ಮುಚ್ಚಳ. ಈಗಿನ ನಿಮ್ಮ ಮೆತ್ತಗಿನ ಮುಲಾಮಿನ ಹಾಗಲ್ಲ ಅದು. ಚರ್ಮ ತರಚಿದ್ದ ಕಡೆ ಒಂದು ಹನಿ ಬಿದ್ದರೆ ಮನುಷ್ಯ ತನ್ನ ಕುಲದೇವರ ಹೆಸರನ್ನೂ ಎದುರು ಮನೆಯವನ ಬೈಗುಳವನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದ. ಗಾಯಕ್ಕಿಂತ ಟಿಂಚರಿಗೆ ಹೆದರುವವರೇ ಹೆಚ್ಚು.

ಆ ಕೆಲಸದಲ್ಲಿ ನಾನು ಮೊದಲು ಕಲಿತದ್ದು ನಿಜವಾದ ನೋವಿಗೂ ಸುಳ್ಳು ನೋವಿಗೂ ಇರುವ ವ್ಯತ್ಯಾಸ. ಹರಿಯಬ್ಬೆ ಕಡೆಯಿಂದ ನೆಂಟರ ಮನೆಗೆ ಬಂದಿದ್ದ ಒಬ್ಬ ರೈತ ಗಾಡಿಯಿಂದ ಬಿದ್ದು ಬಂದ. ಬೆಂಚಿನ ಮೇಲೆ ಸುಮ್ಮನೆ ಕೂತು, ಹಿರಿಯೂರಿಗೆ ಬಸ್ಸು ಎಷ್ಟು ಹೊತ್ತಿಗೆ ಅಂತ ವಿಚಾರಿಸುತ್ತಿದ್ದ. ಅಂಗಿ ಬಿಚ್ಚಿದರೆ ಹೆಗಲ ಮೂಳೆ ಎರಡು ತುಂಡು. ಅವನ ಪಕ್ಕದಲ್ಲೇ ಇದ್ದ ಇನ್ನೊಬ್ಬ ಅಯ್ಯಪ್ಪೋ ಅಮ್ಮಪ್ಪೋ ಎಂದು ಛಾವಣಿ ಹಾರಿಸುತ್ತಿದ್ದ, ಅವನಿಗೆ ಜಾಲಿಮುಳ್ಳು ಚುಚ್ಚಿತ್ತು. ನಿಜವಾದ ನೋವು ಒಳಗೆ ನೋಡುತ್ತದೆ. ಸುಳ್ಳು ನೋವು ಸುತ್ತಲೂ ನೋಡುತ್ತದೆ, ಯಾರು ಯಾರು ಬಂದರು ಅಂತ.

ಇದನ್ನು ಕಲಿತ ಮೇಲೆ ನನಗೆ ಸ್ವಲ್ಪ ಕೊಬ್ಬು ಬಂತು. ಒಂದು ದಿನ ಒಬ್ಬ ಸೊಸೆಯನ್ನು ಅತ್ತೆ ಕರೆದುಕೊಂಡು ಬಂದಳು. ಹೊಟ್ಟೆನೋವು. ನಾನು ಹೊಟ್ಟೆ ಒತ್ತಿ ನೋಡಿದೆ, ಏನೂ ಇಲ್ಲ. ಹುಡುಗಿ ಓರೆಗಣ್ಣಿನಲ್ಲಿ ಅತ್ತೆಯನ್ನೇ ನೋಡುತ್ತಿದ್ದಳು. ಡಾಕ್ಟರ ಹತ್ತಿರ ಹೋಗಿ, ಇದು ನಾಟಕ ಸಾರ್, ಮನೆಗೆ ಕಳಿಸೋಣ ಅಂದೆ. ಅವರು ಹೋಗಿ ನೋಡಿ, ಇದು ಭಾರಿ ಕಾಯಿಲೆ, ಮೂರು ದಿನ ಮಂಚ ಬಿಟ್ಟು ಇಳಿಯಬಾರದು ಎಂದು ಅತ್ತೆಗೆ ಹೇಳಿದರು. ನನಗೆ, ಹುಸೇನ್ ಸಾಬರ ಕೆಮ್ಮಿನ ಔಷಧಿ ಹೊತ್ತಿಗೊಂದು ಔನ್ಸು ಕೊಡು ಅಂದರು.

"ಹೊಟ್ಟೆನೋವಿಗೆ ಕೆಮ್ಮಿನ ಔಷಧಿನಾ ಸಾರ್?"

"ರೋಗ ಹೊಟ್ಟೆಲಿಲ್ಲ ತಿಪ್ಪಮ್ಮ, ಮನೇಲೈತೆ. ಮನೆಗೆ ಕುಡಿಸಕ್ಕಾಗಲ್ಲ. ಈಕೆಗೆ ಕುಡಿಸು. ಸಿಹಿ ಐತೆ, ಬೇಡ ಅನ್ನಲ್ಲ."

ಆ ಹುಡುಗಿ ಮೂರು ದಿನವೂ ನಿದ್ದೆ ಹೊಡೆದಳು. ಹೋಗುವಾಗ ಕೆನ್ನೆ ತುಂಬಿಕೊಂಡಿತ್ತು. ಬೇನೆ ಇಲ್ಲದವರಿಗೂ ಏನೋ ಒಂದು ಔಷಧಿ ಬೇಕಾಗಿರುತ್ತದೆ ಅನ್ನುವುದು ನನಗೆ ಆಗ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ತಲೆಗೆ ಹೋಗಲು ಫುಟ್‌ಬಾಲ್ ಬೇಕಾಯಿತು.

ಫುಟ್‌ಬಾಲ್ ಹುಚ್ಚು ನನಗೆ ನರ್ಸಿಂಗ್ ಕಲಿಯುವಾಗಲೇ ಹತ್ತಿತ್ತು. ಹಾಸ್ಟೆಲಿನ ಹಿಂದಿನ ಕಿಟಕಿಯಿಂದ ಆಟದ ಮೈದಾನ ಕಾಣುತ್ತಿತ್ತು. ಉಳಿದ ಹುಡುಗಿಯರು ಆಟಗಾರರನ್ನು ನೋಡುತ್ತಿದ್ದರು, ನಾನು ಚೆಂಡನ್ನು ನೋಡುತ್ತಿದ್ದೆ. ಸರಿ, ಆಟಗಾರರನ್ನೂ ನೋಡುತ್ತಿದ್ದೆ. ಹೊಸದುರ್ಗಕ್ಕೆ ಬಂದರೆ ಅಲ್ಲಿಯೂ ಒಂದು ಟೀಮು. ಅದರ ಕ್ಯಾಪ್ಟನ್ ನಮ್ಮ ಆಸ್ಪತ್ರೆಯ ವಾರ್ಡ್ ಬಾಯ್ ಓಬಣ್ಣ. ಕುರಿ ಸಾಕುವ ಮನೆಯವನು. ಬೆಳಗಿಂದ ಸ್ಟ್ರೆಚರ್ ಹೊತ್ತು, ಸಂಜೆ ಬರಿಗಾಲಲ್ಲಿ ಚೆಂಡಿನ ಹಿಂದೆ ಹೋಗುವನು. ಹಿಂಡು ತಪ್ಪಿದ ಕುರಿಯನ್ನು ಹಿಡಿಯಲು ಹೋದ ಹಾಗೆ, ಬೇಲಿ, ಕಲ್ಲು ಏನೂ ನೋಡದೆ ಓಡುವನು. ಟೀಮಿನಲ್ಲಿ ಬೂಟು ಇದ್ದವರು ಇಬ್ಬರು. ಅವರೂ ಬೂಟು ಕಚ್ಚುತ್ತದೆ ಅಂತ ಅರ್ಧ ಆಟಕ್ಕೆ ಬಿಚ್ಚುವರು.

ಸುತ್ತಲ ತಾಲೂಕುಗಳ ಟೀಮುಗಳು ಸೇರಿ ಪಂದ್ಯಾವಳಿ ಶುರು ಮಾಡಿದಾಗ, ಗಾಯ ಆದವರನ್ನು ನೋಡಲು ಒಬ್ಬರನ್ನು ಕಳಿಸಿ ಎಂದು ನಮ್ಮ ಡಾಕ್ಟರನ್ನು ಕೇಳಿದರು. ಯಾರು ಹೋಗುತ್ತೀರಿ ಎಂದು ಡಾಕ್ಟರು ಪೂರ್ತಿ ಕೇಳುವ ಮೊದಲೇ ನಾನು ಔಷಧಿ ಪೆಟ್ಟಿಗೆ ಕೈಗೆ ತಗೊಂಡಿದ್ದೆ.

ಮೊದಲ ಗಲಾಟೆ ಹಿರಿಯೂರಿನ ಮ್ಯಾಚಿನಲ್ಲಿ. ದುರ್ಗದ ಟೀಮಿನಲ್ಲಿ ಜಯಣ್ಣ ಅಂತ ಒಬ್ಬ ಆಟಗಾರ, ಬಟ್ಟೆ ಅಂಗಡಿಯವರ ಮಗ. ಚಿತ್ರದುರ್ಗವನ್ನು ನಾವು ದುರ್ಗ ಅಂತಲೇ ಅನ್ನುವುದು. ಜಯಣ್ಣ ಒಳ್ಳೆಯ ಆಟಗಾರ, ಸುಳ್ಳು ಹೇಳಬಾರದು. ಬಿಳಿ ಚಡ್ಡಿ, ಹೊಳೆಯುವ ಬೂಟು, ಬಾಚಿದ ಕ್ರಾಪು. ಆ ದಿನ ಅವನು ನಿಜವಾಗಿಯೇ ಬಿದ್ದ. ಮೊಣಕಾಲು ತರಚಿ ರಕ್ತ ಬಂದಿತ್ತು. ನಾನು ಓಡಿಹೋಗಿ ಹತ್ತಿಯನ್ನು ಟಿಂಚರಿನಲ್ಲಿ ಅದ್ದಿ ಇಟ್ಟೆ. ಅವನು ಕೂಗಿದ ಕೂಗಿಗೆ ಹೆರಿಗೆ ಕೋಣೆಯಲ್ಲಿ ನಾನು ಕೇಳಿದ್ದೆಲ್ಲ ಪಿಸುಮಾತು ಅನ್ನಿಸಿತು. ಮೈದಾನವೆಲ್ಲ ನಕ್ಕಿತು. ದುರ್ಗದವರು ಆಟ ಗೆದ್ದರು, ಆದರೆ ಜನ ನೆನಪಿಟ್ಟುಕೊಂಡದ್ದು ಆ ಕೂಗನ್ನು.

ವಾರದೊಳಗೆ ಡಾಕ್ಟರಿಗೆ ದೂರು ಬಂತು. ನಿಮ್ಮ ಸಿಸ್ಟರು ನಮ್ಮ ಹುಡುಗನಿಗೆ ಬೇಕಂತಲೇ ಹೆಚ್ಚು ಟಿಂಚರ್ ಹಾಕಿದ್ದಾರೆ, ಅವರು ಹೊಸದುರ್ಗದ ಟೀಮಿಗೆ ಸೀಟಿ ಹೊಡೀತಾರೆ ಅಂತ. ಎರಡನೆಯದು ನಿಜ. ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಪೆಟ್ಟಿಗೆ ಹಿಡಿದವರಿಗೆ ಪಕ್ಷ ಇಲ್ಲ ಅಂದರು. ಇನ್ನೊಂದು ದೂರು ಬಂದರೆ ತಾಳ್ಯಕ್ಕೆ ಹಾಕುತ್ತೇನೆ ಅಂದರು.

ತಾಳ್ಯದಲ್ಲಿ ಸಾಹುಕಾರರದೇ ಒಂದು ಔಷಧಿ ಕೊಠಡಿ ಇತ್ತು. ಊರು ಒಳ್ಳೆಯದು, ಜನ ಒಳ್ಳೆಯವರು. ಆದರೆ ಕೊಠಡಿಯಲ್ಲಿ ಒಬ್ಬಳೇ ಸಿಸ್ಟರು, ವಾರದ ಏಳು ದಿನವೂ ಅಲ್ಲೇ ಇರಬೇಕು. ಅಲ್ಲಿಗೆ ಹೋದರೆ ಮ್ಯಾಚು ಮುಗಿಯಿತು ಅಂತಲೇ ಅರ್ಥ. ನೀವು ನಗಬಹುದು. ಮದುವೆ ಯಾವಾಗ ಅಂತ ವಾರ್ಡಿನ ಅಜ್ಜಿಯರಿಂದ ಹಿಡಿದು ಹಾಲಿನವನ ತನಕ ಎಲ್ಲರೂ ಕೇಳುತ್ತಿದ್ದ ವಯಸ್ಸು ನನ್ನದು. ಆ ಪೆಟ್ಟಿಗೆ ಹಿಡಿದು ಮೈದಾನದ ಅಂಚಿನಲ್ಲಿ ನಿಂತಾಗ ಮಾತ್ರ ಯಾರೂ ಏನೂ ಕೇಳುತ್ತಿರಲಿಲ್ಲ. ಹೆಂಗಸರಿಗೆ ಅಲ್ಲೇನು ಕೆಲಸ ಅನ್ನುವವರಿಗೆ ಪೆಟ್ಟಿಗೆಯ ಮೇಲಿನ ಕೆಂಪು ಗುರುತೇ ಉತ್ತರ. ಅದನ್ನು ಕಳೆದುಕೊಳ್ಳಲು ನನಗೆ ಸುತರಾಂ ಮನಸ್ಸಿರಲಿಲ್ಲ.

ಹೀಗಿರುವಾಗ ಫೈನಲ್ ಬಂತು. ಹೊಸದುರ್ಗಕ್ಕೂ ದುರ್ಗಕ್ಕೂ. ಎರಡೂ ಕಡೆಯವರಿಗೆ ರೈಲು ಇದೆ ಅಂತ ರಾಮಗಿರಿಯಲ್ಲಿ ಇಟ್ಟರು. ಬೆಟ್ಟದ ಬುಡದಲ್ಲಿ, ಸ್ಟೇಷನ್ನಿನಿಂದ ಕೂಗಳತೆಯ ದೂರದಲ್ಲಿ ಬಯಲು. ಜನ ಬಂಡೆಗಳ ಮೇಲೆ ಹತ್ತಿ ಕೂತರು. ಹುಲ್ಲು ಇರಲಿಲ್ಲ, ಇದ್ದದ್ದನ್ನು ಬೆಳಿಗ್ಗೆಯೇ ಕುರಿಗಳು ಮುಗಿಸಿದ್ದವು. ರೆಫ್ರಿ ಹೊಳಲ್ಕೆರೆಯ ಡ್ರಿಲ್ ಮಾಸ್ಟರು. ಅವರ ಗಡಿಯಾರ ತಿಂಗಳಿಂದ ಕೆಟ್ಟಿತ್ತು. ಕಟ್ಟಿಕೊಳ್ಳುವುದನ್ನು ಮಾತ್ರ ಬಿಟ್ಟಿರಲಿಲ್ಲ. ಅವರೂ ದುರ್ಗದವರೂ ಸಂಜೆಯ ಪ್ಯಾಸೆಂಜರಿಗೇ ವಾಪಸ್ ಹೋಗಬೇಕು. ಆದ್ದರಿಂದ ಇಬ್ಬರು ಕ್ಯಾಪ್ಟನ್ನರನ್ನೂ ನಿಲ್ಲಿಸಿ ಒಪ್ಪಂದ ಮಾಡಿಸಿದರು: ರೈಲಿಗೆ ಕೈಮರ ಬಿದ್ದರೆ ಆಟ ಮುಗಿದ ಹಾಗೆ. ಕೈಮರ ಅಂದರೆ ಆಗಿನ ರೈಲ್ವೆ ಸಿಗ್ನಲ್ಲು, ಕಂಬದ ಮೇಲೆ ಚಾಚಿದ ಒಂದು ಕೈ. ಗಾಡಿ ಬರುವ ಮುಂಚೆ ಅದು ಕೆಳಗೆ ವಾಲುತ್ತದೆ. ನಮ್ಮ ಕಡೆಯ ಪ್ಯಾಸೆಂಜರು ಹೊತ್ತಿಗೆ ಸರಿಯಾಗಿ ಬಂದದ್ದನ್ನು ಕಂಡವರಿಲ್ಲ. ಆದರೂ ಎಲ್ಲರೂ ಒಪ್ಪಿದರು.

ನಾನು ಆ ದಿನ ಕೊಡಗಟ್ಟಲೆ ನೆಗಡಿ ಹೊತ್ತುಕೊಂಡು ಬಂದಿದ್ದೆ. ಹೊರಡುವ ಗಡಿಬಿಡಿಯಲ್ಲಿ ಹುಸೇನ್ ಸಾಬರು ಬಾಟಲಿ ತುಂಬಿ ಕೊಟ್ಟರು, ನಾನು ಪೆಟ್ಟಿಗೆಗೆ ಇಟ್ಟುಕೊಂಡೆ. ಕಂದು ಬಾಟಲಿ, ಕಾರ್ಕಿನ ಮುಚ್ಚಳ, ಟಿಂಚರ್ ಎಂಬ ಚೀಟಿ.

ಮೊದಲರ್ಧದಲ್ಲಿ ನಮ್ಮವರ ಆಟ ನೋಡಲಾರದೆ ನಾನು ಎರಡು ಸಲ ಬೆಟ್ಟದ ಕಡೆ ಮುಖ ಮಾಡಿಕೊಂಡೆ. ಹತ್ತು ಜನವೂ ಚೆಂಡಿನ ಸುತ್ತ ಗುಂಪುಗೂಡಿದ್ದರು, ಬಿಸಿಲಿಗೆ ಕುರಿಗಳು ಒಂದರ ನೆರಳಿಗೆ ಒಂದು ತಲೆ ಹುದುಗಿಸಿ ನಿಂತ ಹಾಗೆ. ದುರ್ಗದವರು ಆರಾಮಾಗಿ ಮೂರು ಗೋಲು ಹೊಡೆದರು. ಮೂರನೆಯದನ್ನು ಜಯಣ್ಣ ಹೊಡೆದು, ಕ್ರಾಪು ಸರಿ ಮಾಡಿಕೊಂಡು, ನನ್ನ ಕಡೆ ನೋಡಿ ಕೈ ಮುಗಿದ. ನನಗೆ ಮೈಯೆಲ್ಲ ಉರಿಯಿತು.

ಅರ್ಧ ಆಟಕ್ಕೆ ಓಬಣ್ಣ ಕುಂಟುತ್ತಾ ಬಂದು ಕಲ್ಲಿನ ಮೇಲೆ ಕೂತ. ಹೆಬ್ಬೆರಳಿನ ಉಗುರು ಎದ್ದು ರಕ್ತ ಸುರಿಯುತ್ತಿತ್ತು. ಬಾಯಿ ಬಿಡಲಿಲ್ಲ, ನಿಜವಾದ ನೋವಲ್ಲವೇ. ಹಲ್ಲು ಕಚ್ಚಿಕೋ ಎಂದು ಹೇಳಿ ಬಾಟಲಿಯಿಂದ ಸುರಿದೆ. ಅವನು ಕಣ್ಣು ಮುಚ್ಚಿ ಕಾದ. ಒಂದು ಕಣ್ಣು ತೆರೆದ. ಎರಡೂ ತೆರೆದ.

"ಸಿಸ್ಟರಮ್ಮ, ಉರಿತಾನೇ ಇಲ್ವಲ್ಲ. ಕಾಲೇನಾರ ಸತ್ತೋತಾ?"

ನೋಡಿದರೆ ಬೆರಳು ಅಂಟಂಟಾಗಿದೆ. ಕಲ್ಲಿನ ಸಂದಿಯಿಂದ ಕೆಂಪಿರುವೆಗಳು ಸಾಲು ಹಿಡಿದು ಅವನ ಪಾದದ ಕಡೆ ಹೊರಟಿವೆ. ಮೂಗು ಕಟ್ಟಿದ್ದರಿಂದ ವಾಸನೆ ಹತ್ತಲಿಲ್ಲ. ಬೆರಳ ತುದಿಗೆ ಒಂದು ಹನಿ ತಗೊಂಡು ನಾಲಿಗೆಗೆ ಇಟ್ಟೆ. ಅತಿಮಧುರ, ಬೆಲ್ಲ. ಹುಸೇನ್ ಸಾಬರ ಕೆಮ್ಮಿನ ಔಷಧಿ, ಹಳೇ ಟಿಂಚರ್ ಬಾಟಲಿಯಲ್ಲಿ.

ತೆರೆದ ಗಾಯಕ್ಕೆ ಪಾನಕ ಹುಯ್ದಿದ್ದೇನೆ. ಪಕ್ಕದಲ್ಲೇ ಗೋಲಿಸೋಡ ಗಾಡಿ ಇತ್ತು. ನಾಲ್ಕು ಸೋಡ ಒಡೆಸಿ ಅವನ ಬೆರಳನ್ನು ಬುರುಬುರು ನೊರೆಯಲ್ಲಿ ತೊಳೆದು, ಶುದ್ಧವಾದ ಬಟ್ಟೆ ಬಿಗಿಯಾಗಿ ಕಟ್ಟಿದೆ. ಆಟ ಸಾಕು, ಕೂತ್ಕೊ ಅಂದೆ. ಅವನು, ಮೂರು ಗೋಲು ತಿಂದು ಕೂತರೆ ಮನೆಯಲ್ಲಿ ಅನ್ನ ಹಾಕುವುದಿಲ್ಲ ಅಂದ. ಬಾಟಲಿಯ ವಿಷಯ ಯಾರಿಗೂ ಹೇಳಬೇಡ ಅಂದೆ. ಅವನು ನಕ್ಕ. "ಯಾರಿಗೇಳಾಣ. ಇರುವೆಗೆ ಗೊತ್ತೈತೆ, ನಮಗೆ ಗೊತ್ತೈತೆ."

ಎರಡನೆಯ ಅರ್ಧ ಶುರುವಾದಾಗ ಓಬಣ್ಣ ತನ್ನವರಿಗೆ ಒಂದೇ ಮಾತು ಹೇಳಿದ್ದು: ಲೇ, ಕುರಿ ಆಗಬೇಡ್ರಿ, ಕುರಿ ಕಾಯೋರಾಗ್ರಿ. ಒಬ್ಬರು ಮುಂದೆ, ಇಬ್ಬರು ಬದಿಗೆ, ಉಳಿದವರು ಹಿಂದೆ. ಅವರು ಹರಡಿಕೊಂಡರು. ಕುಂಟುಗಾಲಿನವನು ಎಲ್ಲಿಂದ ಓಡಿಬಂದನೋ, ಒಂದು ಗೋಲು ಹೊಡೆದ. ಬಂಡೆಗಳ ಮೇಲಿನ ಜನ ಎದ್ದು ನಿಂತರು.

ಆಗ ಶುರುವಾಯಿತು ದುರ್ಗದವರ ನೋವು. ಕೈಮರ ಬೀಳುವ ತನಕ ಹೊತ್ತು ಕಳೆದರೆ ಸಾಕಲ್ಲ. ಒಬ್ಬ ಹೊಟ್ಟೆ ಹಿಡಿದು ಕೂತ. ಇನ್ನೊಬ್ಬ ಕಣ್ಣಿಗೆ ಧೂಳು ಬಿತ್ತು ಅಂತ ಅಂಗಾತ ಮಲಗಿದ. ಒಬ್ಬೊಬ್ಬನನ್ನು ಎಬ್ಬಿಸಿ ನಿಲ್ಲಿಸುವಷ್ಟರಲ್ಲಿ ಅರ್ಧ ಮೈಲಿ ರೈಲು ಬರುತ್ತದೆ. ಡ್ರಿಲ್ ಮಾಸ್ಟರು ಕೈಮರ ನೋಡುವರು, ಬಿದ್ದವರನ್ನು ನೋಡುವರು, ಕೆಟ್ಟ ಗಡಿಯಾರವನ್ನೂ ನೋಡುವರು. ಜಯಣ್ಣ ಎಲ್ಲರಿಗಿಂತ ಚೆನ್ನಾಗಿ ಬಿದ್ದ. ಮೊಣಕಾಲು ಹಿಡಿದು ಮೂರು ಉರುಳು ಉರುಳಿ, ಕತ್ತು ಎತ್ತಿ ಕೈಮರದ ಕಡೆ ಒಂದು ಸಲ ನೋಡಿ, ಮತ್ತೆ ಮಲಗಿದ. ಸುತ್ತಲೂ ನೋಡುವ ನೋವು. ನನಗೆ ಗೊತ್ತಾಗಲು ಅಷ್ಟೇ ಸಾಕು.

ಮಾಸ್ಟರು ನನ್ನತ್ತ ಕೈ ಬೀಸಿದರು. ಕರೆದರೆ ಹೋಗಲೇಬೇಕು. ಹೋಗಿ ಏನು ಮಾಡಲಿ, ಪೆಟ್ಟಿಗೆಯಲ್ಲಿರುವುದು ಕೆಮ್ಮಿನ ಔಷಧಿ. ಹೋಗಿ ಅವನ ಪಕ್ಕ ಮಂಡಿಯೂರಿದೆ. ಮೊಣಕಾಲಲ್ಲಿ ಹಿರಿಯೂರಿನ ಹಳೇ ಗಾಯದ ಕಲೆ ಇತ್ತು. ಪೆಟ್ಟಿಗೆ ತೆರೆದು, ಕಂದು ಬಾಟಲಿ ತೆಗೆದು, ಚೀಟಿ ಅವನ ಕಡೆ ತಿರುಗಿಸಿ, ಕಾರ್ಕಿಗೆ ಕೈ ಹಾಕಿದೆ.

"ಏನ್ ಸಿಸ್ಟರ್ ಅದು?"

"ಔಷಧಿ ಕಣಪ್ಪ. ನೋವು ಜಾಸ್ತಿ ಇದ್ದಂಗೈತೆ, ಪೂರ್ತಿ ಬಾಟ್ಲಿ ಹಾಕಾಣ."

ಕಾರ್ಕು ಟಪ್ ಎಂದದ್ದೇ ಅವನು ಎದ್ದ. ಎದ್ದದ್ದಲ್ಲ, ಚಿಮ್ಮಿದ. ಬೆಟ್ಟದ ಮೇಲಿಂದ ಯಾರೋ ಟಿಂಚರ್ ಎಂದು ಕೂಗಿದರು. ಹಿರಿಯೂರಿನ ಮ್ಯಾಚ್ ನೋಡಿದ್ದವರು ಅಲ್ಲಿ ಬೇಕಾದಷ್ಟು ಜನ ಇದ್ದರು. ಒಬ್ಬರಿಂದೊಬ್ಬರಿಗೆ ಬಂಡೆಯಿಂದ ಬಂಡೆಗೆ ಆ ಮಾತು ಹೋಯಿತು. ಆಮೇಲೆ ದುರ್ಗದವರಲ್ಲಿ ಯಾರಾದರೂ ಬಗ್ಗಿದರೂ ಸಾಕು, ಇಡೀ ಬೆಟ್ಟವೇ ಟಿಂಚರ್, ಟಿಂಚರ್ ಅನ್ನುತ್ತಿತ್ತು. ನಾನು ಪೆಟ್ಟಿಗೆ ಹಿಡಿದು ಎರಡು ಹೆಜ್ಜೆ ಹಾಕುವಷ್ಟರಲ್ಲಿ ರೋಗ ವಾಸಿಯಾಗುತ್ತಿತ್ತು. ನನ್ನ ಇಡೀ ವೃತ್ತಿಯಲ್ಲಿ ಅಷ್ಟು ಬೇಗ ಗುಣವಾದ ರೋಗಿಗಳನ್ನು ನಾನು ಕಾಣಲಿಲ್ಲ.

ಬೀಳಲು ಆಗದಿದ್ದ ಮೇಲೆ ದುರ್ಗದವರು ಆಡಬೇಕಾಯಿತು. ಆಡಿದರೆ ಅವರಿಗೆ ಬಿಸಿಲು ಹತ್ತಿತ್ತು, ನಮ್ಮವರಿಗೆ ಬಿಸಿಲಲ್ಲೇ ಹುಟ್ಟಿದ ಕಾಲುಗಳು. ಎರಡನೆಯ ಗೋಲು ಬದಿಯಿಂದ ಬಂತು. ಮೂರನೆಯದಕ್ಕೆ ಚೆಂಡು ಅವರವನ ಬೆನ್ನಿಗೇ ಬಡಿದು ಒಳಗೆ ಹೋಯಿತು, ಅದನ್ನು ಯಾರು ಹೊಡೆದದ್ದು ಅಂತ ಹೊಸದುರ್ಗದಲ್ಲಿ ಇವತ್ತಿಗೂ ಮೂರು ಮನೆಯವರು ಜಗಳವಾಡುತ್ತಾರೆ.

ಮೂರಕ್ಕೆ ಮೂರು. ಕೈಮರ ಎದ್ದೇ ಇತ್ತು. ದೇವರ ದಯೆ, ರೈಲು ತಡ. ಆಗ ಅವರ ಗೋಲಿ, ಅಂದರೆ ಗೋಲು ಕಾಯುವವನು, ಚೆಂಡು ಹಿಡಿದುಕೊಂಡು ನೆಲಕ್ಕೆ ಬಿದ್ದ, ಮೇಲೇಳಲಿಲ್ಲ. ಅವನು ಗಟ್ಟಿ ಆಸಾಮಿ. ಬೆಟ್ಟ ಎಷ್ಟು ಕೂಗಿದರೂ ಜಗ್ಗಲಿಲ್ಲ. ನಾನು ಹತ್ತಿರ ಹೋದೆ, ಕಾರ್ಕು ತೆಗೆದೆ, ಆಗಲೂ ಕಣ್ಣು ಮುಚ್ಚಿಕೊಂಡೇ ಇದ್ದ. ಸುರಿದರೆ ಗುಟ್ಟು ಒಡೆಯುತ್ತದೆ. ಸುರಿಯದಿದ್ದರೆ ರೈಲು ಬರುತ್ತದೆ. ಬಾಟಲಿ ವಾಲಿ ಒಂದು ಹನಿ ಅವನ ಮೊಣಕೈ ಮೇಲೆ ಬಿತ್ತು.

ಅವನು ಕೂಗಿದ ಕೂಗು ಜಯಣ್ಣನದಕ್ಕಿಂತ ಒಂದು ಸ್ವರ ಮೇಲೆ. ಚೆಂಡು ಬಿಟ್ಟು, ಮೊಣಕೈಗೆ ಉಫ್ ಉಫ್ ಎಂದು ಊದುತ್ತಾ ಗೋಲಿನ ಸುತ್ತ ಒಂದು ಸುತ್ತು ಹಾಕಿದ. ಉರಿ ಅಂದರೆ ಉರಿ. ನಾನು ಬಾಟಲಿ ಮುಚ್ಚಿ ಮುಖ ಗಂಭೀರ ಮಾಡಿಕೊಂಡು ಈಚೆ ಬಂದೆ. ಆಟ ಮತ್ತೆ ಶುರುವಾದಾಗಲೂ ಅವನ ಒಂದು ಕಣ್ಣು ತನ್ನ ಮೊಣಕೈ ಮೇಲೇ ಇತ್ತು. ಓಬಣ್ಣ ದೂರದಿಂದ ಒದ್ದ ಚೆಂಡು ಇನ್ನೊಂದು ಕಣ್ಣಿನ ಪಕ್ಕದಿಂದ ಒಳಗೆ ಹೋಯಿತು. ಕೈಮರ ಬಿತ್ತು. ಡ್ರಿಲ್ ಮಾಸ್ಟರು ಸೀಟಿ ಊದಿ, ಚೀಲ ಬಗಲಿಗೆ ಹಾಕಿಕೊಂಡು ಸ್ಟೇಷನ್ನಿನ ಕಡೆ ಓಡಿದರು.

ಬೆಟ್ಟದ ಮೇಲಿದ್ದವರೆಲ್ಲ ಕೆಳಗೆ ಇಳಿದರು. ಓಬಣ್ಣನನ್ನು ಎತ್ತಿ ಕುಣಿಸಿದರು. ನಾನು ಹಿಂದೆ ಓಡುತ್ತಾ, ಅವನ ಬೆರಳು ಜೋಪಾನ ಕಣ್ರೋ ಎಂದು ಕೂಗುತ್ತಿದ್ದೆ. ಅಷ್ಟು ಖುಷಿ ನನಗೆ ಆಮೇಲೆ ನನ್ನ ಮದುವೆಯಲ್ಲೂ ಆಗಲಿಲ್ಲ. ಇದನ್ನು ಚೈತ್ರಾಳ ತಾತ ಓದುವುದಿಲ್ಲ, ಅವರಿಗೆ ಇನ್ನೂ ಫೋನು ಬರುವುದಿಲ್ಲ.

ಸೋಮವಾರ ಬೆಳಿಗ್ಗೆ ದುರ್ಗದ ಬಸ್ಸಿನಿಂದ ಮೂವರು ಇಳಿದರು. ಜಯಣ್ಣ, ಗೋಲಿ, ಜೊತೆಗೆ ಜಯಣ್ಣನ ಚಿಕ್ಕಪ್ಪ. ಗೋಲಿಯ ಮೊಣಕೈಗೆ ಕರ್ಚೀಪು ಕಟ್ಟಿತ್ತು. ಡಾಕ್ಟರು ನನ್ನನ್ನೂ ಪೆಟ್ಟಿಗೆಯನ್ನೂ ಒಳಗೆ ಕರೆಸಿದರು. ಹುಸೇನ್ ಸಾಬರು ಬಾಗಿಲ ಬಳಿ ನಿಂತರು. ಬಾಟಲಿ ಟೇಬಲ್ಲಿನ ಮೇಲೆ ಕೂತಿತು. ನನ್ನ ಕಣ್ಣ ಮುಂದೆ ಆಗಲೇ ತಾಳ್ಯದ ಬಸ್ಸು ಬಂದು ನಿಂತಿತ್ತು.

ಚಿಕ್ಕಪ್ಪ ಮಾತು ಶುರು ಮಾಡಿದರು. ಗಾಯವೇ ಇಲ್ಲದವರ ಮೇಲೆ ಟಿಂಚರ್ ಹಾಕಿ ಹೆದರಿಸಿ ಆಟ ಗೆದ್ದಿದ್ದಾರೆ, ಈ ಹುಡುಗನ ಕೈಯ ಉರಿ ಇನ್ನೂ ಹೋಗಿಲ್ಲ, ನಿನ್ನೆಯಿಂದ ಊಟ ಮಾಡಿಲ್ಲ ಅಂದರು.

ಡಾಕ್ಟರು ಗೋಲಿಯನ್ನು ಕೇಳಿದರು. "ಈಗ್ಲೂ ಉರಿತೈತೇನಪ್ಪ?"

"ಬೆಂಕಿ ಇಟ್ಟಂಗೈತೆ ಸಾರ್."

ಡಾಕ್ಟರು ಕರ್ಚೀಪು ಬಿಚ್ಚಿ ನೋಡಿದರು. ಟಿಂಚರ್ ಬಿದ್ದರೆ ಚರ್ಮಕ್ಕೆ ವಾರ ಕಳೆದರೂ ಹೋಗದ ಹಳದಿ ಕಲೆ ಬರುತ್ತದೆ. ಅಲ್ಲಿ ಕಲೆ ಇರಲಿಲ್ಲ. ಅವರು ಬಾಟಲಿ ಎತ್ತಿ ಕಾರ್ಕು ತೆಗೆದು ಮೂಸಿದರು. ಕನ್ನಡಕ ತೆಗೆದು ಒರೆಸಲು ಶುರು ಮಾಡಿದರು. ಹುಸೇನ್ ಸಾಬರು ಬಾಗಿಲಿನ ಹಿಂದಕ್ಕೆ ಅರ್ಧ ಸರಿದರು. ನಾನು ನೆಲ ನೋಡುತ್ತಿದ್ದೆ. ಈಗ ಹೇಳುತ್ತಾರೆ, ಮೂರೂ ಜನರ ಮುಂದೆ ಹೇಳುತ್ತಾರೆ ಅಂದುಕೊಂಡೆ.

ಅವರು ಅಳತೆ ಗ್ಲಾಸು ತಗೊಂಡು ಬಾಟಲಿಯಿಂದ ಒಂದು ಔನ್ಸು ಬಗ್ಗಿಸಿದರು. ಗಟಕ್ಕನೆ ಕುಡಿದರು.

ಚಿಕ್ಕಪ್ಪ ಎದ್ದು ನಿಂತರು. ಗೋಲಿಯ ಬಾಯಿ ತೆರೆದೇ ಇತ್ತು. ಡಾಕ್ಟರು ಬಾಯಿ ಒರೆಸಿಕೊಂಡು, ನಿಧಾನಕ್ಕೆ, ಅಂಗಡಿಯಲ್ಲಿ ಸಾಮಾನು ಕೇಳುವವರ ಹಾಗೆ ಹೇಳಿದರು: "ನೀವೂ ಒಂದೊಂದು ತಗಳ್ರಿ. ಬಸ್ಸಲ್ಲಿ ಧೂಳು ಕುಡ್ಕೊಂಡು ಬಂದೀರಿ, ಗಂಟ್ಲಿಗೆ ಒಳ್ಳೇದು."

ಯಾರೂ ತಗೊಳ್ಳಲಿಲ್ಲ. ಜಯಣ್ಣ ಮಾತ್ರ ಬಾಟಲಿಯನ್ನು ನೋಡಿದ, ಗೋಲಿಯನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ನಗಲು ಶುರು ಮಾಡಿದ. ಹೊಟ್ಟೆ ಹಿಡಿದುಕೊಂಡು ನಕ್ಕ, ಈ ಸಲ ನಿಜವಾಗಿಯೂ ಹೊಟ್ಟೆನೋವು ಬರುವ ಹಾಗೆ. ಚಿಕ್ಕಪ್ಪ ಅವನ ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಗೋಲಿ ಹೋಗುವಾಗ ಕರ್ಚೀಪನ್ನು ಟೇಬಲ್ಲಿನ ಮೇಲೇ ಮರೆತು ಹೋದ.

ಬಾಗಿಲು ಮುಚ್ಚಿತು. ಡಾಕ್ಟರು ನನ್ನ ಕಡೆ ತಿರುಗಿದರು. ಓಬಣ್ಣನ ಬೆರಳಿನ ವಿಷಯ ಅವರಿಗೆ ಗೊತ್ತಾಗಿತ್ತು. ಬೆಳಿಗ್ಗೆ ಅವರೇ ಕಟ್ಟು ಬಿಚ್ಚಿ ನೋಡಿದ್ದರಂತೆ. ಮ್ಯಾಚಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಚೀಟಿ ನೋಡಿ ಔಷಧಿ ಹಾಕುವವರು ನರ್ಸ್ ಅಲ್ಲ, ಪೋಸ್ಟ್‌ಮ್ಯಾನ್ ಅಂದರು. ಮೂಗು ಕಟ್ಟಿದ್ದರೆ ಇನ್ನೊಬ್ಬರ ಮೂಗು ಕೇಳಿ ತಗೋ ಅಂದರು. ಹುಸೇನ್ ಸಾಬರಿಗೆ ಏನು ಹೇಳಿದರೋ ನಾನು ಬರೆಯುವುದಿಲ್ಲ, ಆ ಮನುಷ್ಯ ಅಂದಿನಿಂದ ಟಿಂಚರ್ ಬಾಟಲಿಯ ಕುತ್ತಿಗೆಗೆ ಕೆಂಪು ದಾರ ಕಟ್ಟದೆ ಕೈಯಿಂದ ಬಿಡಲಿಲ್ಲ. ನೀವೂ ಅಷ್ಟೇ ಮಕ್ಕಳೇ. ಎಷ್ಟೇ ಚೆನ್ನಾಗಿ ಅಚ್ಚು ಹಾಕಿರಲಿ, ಎಷ್ಟೇ ಗಡಿಬಿಡಿ ಇರಲಿ, ಒಳಗೇನಿದೆ ಅಂತ ನೀವೇ ನೋಡಿ.

ಇನ್ನು ತಾಳ್ಯ ಅನ್ನುತ್ತಾರೆ ಎಂದು ನಾನು ಕಾದೆ. ಡಾಕ್ಟರು ಕನ್ನಡಕ ಹಾಕಿಕೊಂಡರು.

"ಮುಂದಿನ ಮ್ಯಾಚಿಗೆ ಯಾವ ಬಾಟ್ಲಿ ತಗೊಂಡೋಗ್ತೀಯ?"

ನನಗೆ ಆ ಮೂರು ದಿನ ನಿದ್ದೆ ಮಾಡಿದ ಸೊಸೆ ನೆನಪಾದಳು.

"ಎರಡೂ ಸಾರ್" ಅಂದೆ. "ಗಾಯ ಆದೋರಿಗೊಂದು, ಆಗದೇ ಇರೋರಿಗೊಂದು."

ಡಾಕ್ಟರು ನಗಲಿಲ್ಲ. ಬಾಗಿಲ ಕಡೆ ತಿರುಗಿ, ಇನ್ನೊಂದು ಖಾಲಿ ಬಾಟಲಿ ತೊಳೆದು ಕೊಡ್ರಿ ಎಂದು ಹುಸೇನ್ ಸಾಬರಿಗೆ ಹೇಳಿದರು.